ಮಾಳದ ಗೇಟು ದಾಟುವ ಮುಂಚೆ

ಮಕ್ಕಳೇ, ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಆದಿತ್ಯವಾರ ಬೆಳಿಗ್ಗೆ ನಮ್ಮ ಕುಕ್ಕುಂದೂರಿನ ಜೋಡುರಸ್ತೆಯಲ್ಲಿ ಬೈಕುಗಳ ಸಾಲು ನಿಲ್ಲುತ್ತದೆ. ಉಡುಪಿ, ಮಣಿಪಾಲದಿಂದ ಹೊರಟವರು ಇಲ್ಲಿ ಚಾ ಕುಡಿದು ಕಾರ್ಕಳ, ಬಜಗೋಳಿ, ಮಾಳ ಎಂದು ಘಟ್ಟದ ಕಡೆಗೆ ಹೋಗುತ್ತಾರೆ. ಕೆಲವರು ಹೆಬ್ರಿ, ಸೋಮೇಶ್ವರದ ದಾರಿ ಹಿಡಿಯುತ್ತಾರೆ. ಈಗ ಅವರ ಜೊತೆಗೆ ನಮ್ಮ ಊರಿನ ನೀವೂ ಹೊರಡುತ್ತೀರಿ. ಹೋಗಬೇಡಿ ಎನ್ನುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕಾಡು ನೋಡದೆ ಬೆಳೆದ ಮಕ್ಕಳು ನಾಳೆ ಕಾಡಿನ ಪರವಾಗಿ ಮಾತಾಡುವುದಾದರೂ ಹೇಗೆ? ಹೋಗಿ. ಆದರೆ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ತಿಳಿದು ಹೋಗಿ, ಹೋದಲ್ಲಿ ನಮ್ಮ ಹಿರಿಯರು ನಾಗಬನದೊಳಗೆ ನಡೆದುಕೊಂಡ ಹಾಗೆ ನಡೆದುಕೊಳ್ಳಿ. ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ನಮ್ಮೂರಿನ ಯಾವುದಾದರೂ ಎತ್ತರದ ಪದವಿನ ಮೇಲೆ ನಿಂತು ಮೂಡಣಕ್ಕೆ ನೋಡಿದರೆ ನೀಲಿ ಗೋಡೆಯಂತೆ ಕಾಣುತ್ತದಲ್ಲ, ಅದರ ದೊಡ್ಡ ಪಾಲು ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದದ್ದು, ವಿಸ್ತಾರ ಸುಮಾರು 600 ಚದರ ಕಿಲೋಮೀಟರು. ಅದಕ್ಕೆ ತಾಗಿಕೊಂಡೇ ಬಡಗು ದಿಕ್ಕಿನಲ್ಲಿ ಸೋಮೇಶ್ವರ ವನ್ಯಜೀವಿ ಅಭಯಾರಣ್ಯ ಉಂಟು, ಅದು ಇನ್ನೂ ಹಳೆಯದು, 1974ರದ್ದು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇವೆರಡೂ ಅದರಲ್ಲಿದ್ದವು. ಪ್ರಪಂಚದ ಬೇರೆ ಬೇರೆ ಕಡೆಯಿಂದ ಜನ ಹುಡುಕಿಕೊಂಡು ಬರುವ ಕಾಡು ನಮಗೆ ಒಂದು ಗಂಟೆಯ ದಾರಿ. ಅಷ್ಟು ಹತ್ತಿರ ಇರುವುದರಿಂದಲೇ ಅದರ ಬೆಲೆ ನಮಗೆ ಗೊತ್ತಾಗದೆ ಹೋಗುತ್ತದೋ ಎಂಬ ಭಯ ನನಗೆ.

ಬೆಲೆ ಎಂದರೆ ಬರೀ ಹೆಸರು, ಪಟ್ಟಿ ಅಲ್ಲ. ಕಾರ್ಕಳ ಪೇಟೆಯ ನಳ್ಳಿಯಲ್ಲಿ ಬರುವ ನೀರು ಮುಂಡ್ಲಿಯ ಅಣೆಕಟ್ಟಿನದು. ಮಣಿಪಾಲದ ಹಾಸ್ಟೆಲುಗಳಿಗೆ, ಉಡುಪಿಯ ಮನೆಗಳಿಗೆ ಹೋಗುವ ನೀರು ಹಿರಿಯಡ್ಕದ ಹತ್ತಿರದ ಬಜೆ ಅಣೆಕಟ್ಟಿನದು. ಎರಡೂ ಸ್ವರ್ಣಾ ನದಿಯ ಮೇಲಿರುವವು, ಸ್ವರ್ಣೆ ಇಳಿದು ಬರುವುದು ನೀವು ಬೈಕು ಹತ್ತಿಸುವ ಆ ಘಟ್ಟದ ಮೈಯಿಂದಲೇ. 2019ರ ಮೇ ತಿಂಗಳಿನಲ್ಲಿ ಬಜೆಯ ನೀರು ತಳ ಕಂಡು ಉಡುಪಿಯ ಜನ ಟ್ಯಾಂಕರಿನ ಹಿಂದೆ ಓಡಾಡಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ಕುದುರೆಮುಖದ ಮೇಲ್ಭಾಗ ನೋಡಿದವರಿಗೆ ಗೊತ್ತು, ಅಲ್ಲಿ ಗುಡ್ಡದ ನೆತ್ತಿಯೆಲ್ಲ ಹುಲ್ಲು, ಎರಡು ಗುಡ್ಡಗಳ ಮಡಿಕೆಯಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಶೋಲಾ ಎನ್ನುತ್ತಾರೆ. ಘಟ್ಟದ ಆ ಏಣಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಣ್ಣದಲ್ಲ, ಆಗುಂಬೆಯ ಸರಾಸರಿಯೇ 7,000 ಮಿಲಿಮೀಟರು ಮೀರುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವಾಗ ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಶೋಲಾದ ತರಗೆಲೆಯ ದಪ್ಪ ಹಾಸು ನೀರನ್ನು ಹೀರಿಟ್ಟುಕೊಂಡು ಜನವರಿ, ಫೆಬ್ರವರಿಯವರೆಗೂ ಸಣ್ಣಗೆ ಬಿಡುತ್ತಿರುತ್ತದೆ. ಸ್ವರ್ಣೆಗೆ ಮಳೆ ನಿಂತ ಮೇಲೂ ಜೀವ ಇರುವುದು ಹೀಗೆ. ಆ ಹುಲ್ಲಿನ ಮೇಲೆ ಸಾವಿರಾರು ಜೋಡಿ ಬೂಟು ಒಂದೇ ಜಾಡಿನಲ್ಲಿ ನಡೆದರೆ ಜಾಡು ಚರಂಡಿಯಾಗುತ್ತದೆ, ಮಳೆ ಬಂದಾಗ ಮಣ್ಣು ಅದರಲ್ಲೇ ಹರಿದುಹೋಗುತ್ತದೆ. ಒಬ್ಬರು ನಡೆದರೆ ಏನೂ ಆಗುವುದಿಲ್ಲ ಎಂಬುದು ನಿಜ. ಆದರೆ ಯಾರೂ ಒಬ್ಬರೇ ಹೋಗುತ್ತಿಲ್ಲವಲ್ಲ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಏರಿ ಜಾಡಿನಲ್ಲಿ ಜಾತ್ರೆಯ ನೂಕುನುಗ್ಗಲಾದ ಚಿತ್ರಗಳನ್ನು ನೀವೇ ನಿಮ್ಮ ಫೋನುಗಳಲ್ಲಿ ನೋಡಿದ್ದೀರಿ. ಅದಾದ ಮೇಲೆಯೇ ಸರ್ಕಾರ ಚಾರಣಗಳನ್ನು ತಡೆದು, ಆನ್‌ಲೈನಿನಲ್ಲಿ ಮೊದಲೇ ಹೆಸರು ಬರೆಸಬೇಕು, ದಿನಕ್ಕೆ ಇಂತಿಷ್ಟೇ ಜನ ಎಂಬ ಕ್ರಮ ತಂದದ್ದು. ಟಿಕೆಟು ಸಿಗದಿದ್ದರೆ ಬೈಯಬೇಡಿ. ಪರಿಚಯದವರನ್ನು ಹಿಡಿದು ಕಳ್ಳದಾರಿಯಲ್ಲಿ ಹತ್ತುವ ಯೋಚನೆಯಂತೂ ಬೇಡವೇ ಬೇಡ. ಬೇರೆ ವಾರ ಹೋಗಿ, ಗುಡ್ಡ ಅಲ್ಲೇ ಇರುತ್ತದೆ.

ಈಗ ಬನದ ವಿಷಯ. ನಮ್ಮ ತುಳುನಾಡಿನಲ್ಲಿ ಕುಟುಂಬಕ್ಕೊಂದು ನಾಗಬನ ಇದ್ದೇ ಇರುತ್ತಿತ್ತು. ಮನೆಯ ಹಿಂದೆಯೋ ಗದ್ದೆಯ ಆಚೆಯೋ ಇರುವ ಒಂದು ತುಂಡು ಜಾಗ. ಅಲ್ಲಿ ಯಾರೂ ನೆಟ್ಟದ್ದಲ್ಲದ ಮರಗಳು. ಹೊನ್ನೆ, ರೆಂಜ, ಸುರಗಿ, ಬೈನೆ, ಅವುಗಳಿಗೆ ಸುತ್ತಿಕೊಂಡ ತೊಡೆಗಾತ್ರದ ಬಳ್ಳಿಗಳು. ನಡು ಮಧ್ಯಾಹ್ನವೂ ಒಳಗೆ ಮಬ್ಬು. ನಾಗರಪಂಚಮಿಯ ದಿನ ತನು ಎರೆಯಲು ಹೋಗುವಾಗ ನನ್ನ ಅಜ್ಜಿ ದಾರಿಯುದ್ದಕ್ಕೂ ಹೇಳುತ್ತಿದ್ದ ಮಾತುಗಳು ಇವತ್ತಿಗೂ ನನಗೆ ಬಾಯಿಪಾಠ. ಚಪ್ಪಲಿ ಹೊರಗೆ ಬಿಡಬೇಕು. ಬೊಬ್ಬೆ ಹಾಕಬಾರದು. ಉಗುಳಬಾರದು. ಬಿದ್ದ ಕೊಂಬೆಯನ್ನು ಸಹ ಸೌದೆಗೆಂದು ಹೆಕ್ಕಬಾರದು. ಕತ್ತಿ ಹಿಡಿದು ಒಳಗೆ ಹೋಗಬಾರದು. ಕೆಲಸ ಮುಗಿದ ಮೇಲೆ ಅಲ್ಲಿ ನಿಲ್ಲಬಾರದು, ತಿರುಗಿ ಬರಬೇಕು. ಯಾಕಜ್ಜಿ ಎಂದು ಕೇಳಿದರೆ ಅದು ನಮ್ಮ ಜಾಗ ಅಲ್ಲ ಮಗಾ, ಅವನದು ಎನ್ನುತ್ತಿದ್ದರು.

ಆಟಿ ಅಮಾವಾಸ್ಯೆಯ ಹಾಲೆ ಮರದ ಕ್ರಮವೂ ಹಾಗೆಯೇ. ಬೆಳಕು ಹರಿಯುವ ಮುಂಚೆ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಮರಕ್ಕೆ ಕಬ್ಬಿಣ ಸೋಕಿಸಬಾರದು. ಕಲ್ಲಿನಿಂದ ಎಷ್ಟು ತೊಗಟೆ ತೆಗೆಯಲು ಸಾಧ್ಯ? ಮನೆಮಂದಿಗೆ ಒಂದೊಂದು ಗುಟುಕು ಕಷಾಯಕ್ಕೆ ಬೇಕಾದಷ್ಟು. ಕತ್ತಿ ಹಾಕಿದ್ದರೆ ಮರ ಎರಡು ವರ್ಷದಲ್ಲಿ ಒಣಗುತ್ತಿತ್ತು. ಈ ಕಟ್ಟಳೆ ಮಾಡಿದವರ ಮನಸ್ಸಿನಲ್ಲಿ ಏನಿತ್ತೋ, ಮರ ಮಾತ್ರ ಉಳಿಯಿತು.

ಇದನ್ನು ಹಳ್ಳಿಯ ಮುದುಕರ ನಂಬಿಕೆ ಎಂದು ಬದಿಗಿಡಬೇಡಿ. ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಅವರು 1970ರ ದಶಕದಲ್ಲೇ ಪಶ್ಚಿಮ ಘಟ್ಟದ ದೇವರಕಾಡುಗಳನ್ನು ಅಧ್ಯಯನ ಮಾಡಿ, ಸುತ್ತಲೂ ಬೋಳಾದ ಜಾಗದಲ್ಲಿ ಹಳೆಯ ಕಾಡಿನ ಗಿಡಮರಗಳು ಉಳಿದಿರುವುದು ಇಂಥ ಕಡೆ ಎಂದು ತೋರಿಸಿಕೊಟ್ಟರು. ದುಃಖದ ಸಂಗತಿ ಏನೆಂದರೆ ನಮ್ಮ ಕಡೆ ಈಗ ಬನಗಳನ್ನೇ ಜೀರ್ಣೋದ್ಧಾರದ ಹೆಸರಿನಲ್ಲಿ ಕಡಿದು, ಸಿಮೆಂಟಿನ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ಸುತ್ತ ಇಂಟರ್‌ಲಾಕ್ ಹಾಸುತ್ತಿದ್ದಾರೆ. ನಾಗನಿಗೆ ನೆರಳು ಬೇಕು, ತರಗೆಲೆ ಬೇಕು, ಹುತ್ತ ಬೇಕು. ಬಿಸಿಲಿಗೆ ಕಾದ ಸಿಮೆಂಟು ಯಾಕೆ ಬೇಕು? ನಿಮ್ಮ ಕುಟುಂಬದಲ್ಲಿ ಇಂಥ ಮಾತು ಬಂದರೆ ಸಣ್ಣವರೆಂದು ಸುಮ್ಮನಿರಬೇಡಿ. ದೊಡ್ಡಪ್ಪನ ಹತ್ತಿರ, ಸೋದರಮಾವನ ಹತ್ತಿರ ಗೌರವದಿಂದ, ಆದರೆ ಗಟ್ಟಿಯಾಗಿ ಹೇಳಿ. ಕಟ್ಟೆ ಬೇಕಾದರೆ ಸಣ್ಣದು ಕಟ್ಟಲಿ, ಮರ ಮುಟ್ಟುವುದು ಬೇಡ ಎನ್ನಿ.

ಬನದ ಅದೇ ಕಟ್ಟಳೆಗಳು ಮಾಳದ ಗೇಟಿನಲ್ಲಿ ಅರಣ್ಯ ಇಲಾಖೆಯ ನಿಯಮಗಳಾಗಿ ನಿಮಗೆ ಎದುರಾಗುತ್ತವೆ. ಹೆದ್ದಾರಿ ಅಲ್ಲಿಂದ ಮುಂದೆ ಕಾಡಿನೊಳಗೇ ಹೋಗುತ್ತದೆ. ಎಸ್. ಕೆ. ಬಾರ್ಡರ್ ಎಂಬಲ್ಲಿ ಒಂದು ದಾರಿ ಕೆರೆಕಟ್ಟೆ, ಶೃಂಗೇರಿಯ ಕಡೆಗೆ, ಇನ್ನೊಂದು ಕುದುರೆಮುಖ, ಕಳಸದ ಕಡೆಗೆ. ಈ ದಾರಿಯಲ್ಲಿ ಕಂಡಕಂಡಲ್ಲಿ ನಿಲ್ಲಬಾರದು ಎನ್ನುವುದು ನಿಮಗೆ ಕಿರಿಕಿರಿ ಅನ್ನಿಸುತ್ತದೆ. ತಿರುವಿನಲ್ಲಿ ಒಂದು ಝರಿ, ಅದರ ಬದಿಯಲ್ಲಿ ನಿಂತು ಒಂದು ಫೋಟೋ, ಅಷ್ಟರಲ್ಲಿ ಏನಾಗುತ್ತದೆ ಎನ್ನುತ್ತೀರಿ. ಆಗುವುದು ಇಷ್ಟು. ಪ್ರಾಣಿಗಳು ರಸ್ತೆ ದಾಟುವುದು ಹೆಚ್ಚಾಗಿ ಇಂಥ ನೀರಿನ ಜಾಡಿನಲ್ಲೇ. ಅಲ್ಲಿ ನಾಲ್ಕು ಬೈಕು, ಎರಡು ಕಾರು, ಹಾಡು, ನಗು ಇದ್ದರೆ ಬದಿಯ ಪೊದೆಯಲ್ಲಿ ಕಾಯುತ್ತಿರುವ ಕಾಟಿಯೋ ಕಡವೆಯೋ ದಾಟುವುದಿಲ್ಲ. ನೀವು ಹೋದ ಮೇಲೆ ಇನ್ನೊಂದು ಗುಂಪು ಬರುತ್ತದೆ. ಹೀಗೆ ಆ ಜಾಡು ಆ ದಿನಕ್ಕೆ ಮುಚ್ಚಿದ ಹಾಗೆ. ಮೊದಲ ಮಳೆಗಳ ರಾತ್ರಿ ಕಪ್ಪೆಗಳು ನೀರು ಹುಡುಕಿಕೊಂಡು ಟಾರು ದಾಟುತ್ತವೆ, ಅವನ್ನು ಹಿಡಿಯಲು ಹಾವುಗಳು ಬರುತ್ತವೆ, ಬೆಳಿಗ್ಗೆ ಎರಡೂ ಚಪ್ಪಟೆಯಾಗಿ ಬಿದ್ದಿರುತ್ತವೆ. ಕತ್ತಲಾದ ಮೇಲೆ ಘಟ್ಟದಲ್ಲಿ ಇರಬೇಡಿ. ಹಗಲಿನಲ್ಲೂ ನಿಧಾನ ಹೋಗಿ.

ಈ ಕಾಡಿನ ಪ್ರಾಣಿಗಳಲ್ಲಿ ಸಿಂಗಳೀಕ ಎಂಬ ಮಂಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದದ್ದರ ಹಿಂದೆ ಅದು ಉಂಟು. 1980ರ ದಶಕದಲ್ಲಿ ನಮ್ಮ ಕರಾವಳಿಯವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿ, ಇಲ್ಲಿ ಅವು ಚೆನ್ನಾಗಿ ಉಳಿದುಕೊಂಡಿವೆ, ಈ ಕಾಡನ್ನು ಕಾಪಾಡಬೇಕು ಎಂದು ವಾದಿಸಿದರು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲದ ಪ್ರಾಣಿ ಅದು. ಒಟ್ಟು ಉಳಿದಿರುವುದು ಕೆಲವೇ ಸಾವಿರ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಮರದ ಮೇಲೇ ಹುಟ್ಟಿ, ಮರದ ಮೇಲೇ ಹಣ್ಣು ತಿಂದು, ಮರದಿಂದ ಮರಕ್ಕೆ ಹೋಗುತ್ತಲೇ ಬದುಕು ಮುಗಿಸುವುದು ಅದರ ಸ್ವಭಾವ. ಹೆಬ್ಬಲಸಿನ ಹಣ್ಣು ಬಿಡುವ ಕಾಲ ಅವಕ್ಕೆ ಹಬ್ಬ. ರಸ್ತೆ ಅಗಲವಾದಷ್ಟೂ ಎರಡು ಬದಿಯ ಮರಗಳ ನೆತ್ತಿ ಕೂಡುವುದಿಲ್ಲ, ಆಗ ನೆಲಕ್ಕೆ ಇಳಿಯಲೇಬೇಕು. ಅದು ಸಾಲದೆಂಬಂತೆ ನಾವು ಬಾಳೆಹಣ್ಣು, ಬಿಸ್ಕತ್ತು, ಚಿಪ್ಸ್ ಎಸೆದು ಅವನ್ನು ರಸ್ತೆಗೆ ಕರೆಯುತ್ತೇವೆ.

ಆಗುಂಬೆ ಘಾಟಿಯಲ್ಲಿ ನೋಡಿದ್ದೀರಲ್ಲ, ತಿರುವಿನ ಕಟ್ಟೆಯ ಮೇಲೆ ಮಂಗಗಳು ಕಾರಿನ ದಾರಿ ಕಾಯುತ್ತಾ ಕೂತಿರುತ್ತವೆ. ಒಂದು ಸಲ ಕೈಯಿಂದ ತಿಂದ ಮಂಗ ಮರುದಿನವೂ ಬರುತ್ತದೆ, ಮರಿಯನ್ನೂ ಕರೆತರುತ್ತದೆ. ಮರಿ ಕಾಡಿನ ಹಣ್ಣು ಹುಡುಕುವುದನ್ನು ಕಲಿಯುವುದಿಲ್ಲ, ಕಾರಿನ ಬಾಗಿಲು ನೋಡುವುದನ್ನು ಕಲಿಯುತ್ತದೆ. ಒಂದು ದಿನ ತಿರುವಿನಲ್ಲಿ ವೇಗವಾಗಿ ಬಂದ ಗಾಡಿಯಡಿಗೆ ಬೀಳುತ್ತದೆ. ಹೆಣ್ಣು ಸಿಂಗಳೀಕ ಹಡೆಯುವುದು ಎರಡೂವರೆ, ಮೂರು ವರ್ಷಕ್ಕೊಮ್ಮೆ, ಅದೂ ಒಂದೇ ಮರಿ. ಹಾಗಾಗಿ ಒಂದು ತಾಯಿ ಸತ್ತರೆ ಆ ಗುಂಪಿಗೆ ಆಗುವ ನಷ್ಟ ಬೇಗ ತುಂಬುವಂಥದ್ದಲ್ಲ. ಪುಣ್ಯ ಬರುತ್ತದೆಂದು ಹಣ್ಣು ಕೊಡುವ ಹಿರಿಯರನ್ನೂ ನಾನು ಕಂಡಿದ್ದೇನೆ. ಅವರಿಗೆ ನೀವು ಕೈಮುಗಿದು ಹೇಳಿ: ಅಮ್ಮಾ, ಇದು ಪುಣ್ಯ ಅಲ್ಲ, ದಯವಿಟ್ಟು ಕೊಡಬೇಡಿ. ನಿಮ್ಮ ಮಾತು ಅವರು ಕೇಳುತ್ತಾರೆ, ನಾನು ಹೇಳಿದರೆ ಜಗಳ ಆಗುತ್ತದೆ.

ನೀರಿನ ವಿಷಯದಲ್ಲಿ ನಾನು ಕೈಮುಗಿದು ಕೇಳುವುದಿಲ್ಲ, ಗದರಿಸಿಯೇ ಹೇಳುತ್ತೇನೆ. ಮಳೆಗಾಲದಲ್ಲಿ ಜಲಪಾತದ ಬಂಡೆಯ ಮೇಲೆ ಹತ್ತಬೇಡಿ. 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿಯಲ್ಲಿ ಬಂಡೆಯ ತುದಿಯಲ್ಲಿ ನಿಂತಿದ್ದ ಯುವಕನೊಬ್ಬ, ಗೆಳೆಯ ವಿಡಿಯೋ ತೆಗೆಯುತ್ತಿರುವಾಗಲೇ ಜಾರಿ ಹೋದ. ಆ ವಿಡಿಯೋ ನೋಡಿ ಮರೆತವರು ಮುಂದಿನ ವಾರವೇ ಇನ್ನೊಂದು ಜಲಪಾತದಲ್ಲಿ ಹಾಗೆಯೇ ನಿಂತಿದ್ದರು. ಬಂಡೆಯ ಮೇಲಿನ ಪಾಚಿ ಒದ್ದೆಯಾದಾಗ ಯಾವ ಬೂಟೂ ಹಿಡಿಯುವುದಿಲ್ಲ. ಇನ್ನೊಂದು ತಿಳಿದಿರಬೇಕು: ಕೂಡ್ಲು ತೀರ್ಥದಲ್ಲಿ ನೀವು ನಿಂತ ಜಾಗದಲ್ಲಿ ಬಿಸಿಲಿರಬಹುದು, ಆದರೆ ಸೀತಾನದಿಗೆ ನೀರು ಕೂಡುವುದು ಮೇಲೆ ಘಟ್ಟದ ತಲೆಯಲ್ಲಿ. ಅಲ್ಲಿ ಒಂದು ಜಡಿಮಳೆ ಹೊಡೆದರೆ ಕೆಳಗೆ ಮೊಣಕಾಲು ನೀರು ನೋಡುನೋಡುತ್ತಲೇ ಎದೆಮಟ್ಟ ಆಗುತ್ತದೆ. ತಿಳಿ ನೀರು ಕದಡಿ ಕೆಂಪಾಯಿತು, ತರಗೆಲೆ ತೇಲಿ ಬಂತು ಎಂದರೆ ಚೀಲ ಚಪ್ಪಲಿ ಎಲ್ಲಾ ಬಿಟ್ಟು ದಡ ಹತ್ತಿ. ಇಲಾಖೆ ಮಳೆಗಾಲದಲ್ಲಿ ಬಾಗಿಲು ಹಾಕಿದರೆ, ಅದು ನಿಮ್ಮ ತಾಯಿಯ ಮುಖ ನೋಡಿ ಹಾಕಿದ್ದು ಎಂದುಕೊಳ್ಳಿ. ಕುಡಿದು ನೀರಿಗಿಳಿಯುವವರ ಜೊತೆ ಹೋಗಲೇಬೇಡಿ, ಅವರು ಎಷ್ಟೇ ಆಪ್ತರಿರಲಿ.

ಬೆಂಕಿ, ಕಸ, ಸೋಪು. ಇವನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ, ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಒಂದೇ ಮಾತು ಸೇರಿಸುತ್ತೇನೆ. ಜನವರಿ ಕಳೆದ ಮೇಲೆ ಶೋಲಾದ ಸುತ್ತಲಿನ ಹುಲ್ಲು ಒಣಗಿ ನಿಂತಿರುತ್ತದೆ. ಆಗ ಎಸೆದ ಒಂದು ಸಿಗರೇಟಿನ ತುಂಡು ಇಡೀ ಗುಡ್ಡ ಸುಡಬಲ್ಲದು, ಶೋಲಾದ ಅಂಚಿನ ಎಳೆಗಿಡಗಳೂ ಅದರೊಂದಿಗೆ ಹೋಗುತ್ತವೆ. ಅಭಯಾರಣ್ಯದೊಳಗೆ ಬೆಂಕಿ ಹಾಕುವುದು, ಗಿಡ ಕೀಳುವುದು, ಅನುಮತಿ ಇಲ್ಲದೆ ಒಳಗೆ ಹೋಗುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಸೀತಾಳೆ ಹೂವಿನ ಗಿಡ ಚೆಂದ ಇದೆ ಎಂದು ಮನೆಗೆ ತಂದವರ ಕೈಯಲ್ಲಿ ಅದು ಬದುಕಿದ್ದನ್ನು ನಾನು ಕಂಡಿಲ್ಲ.

ಚಳಿಗಾಲದಿಂದ ಬೇಸಿಗೆಯವರೆಗಿನ ತಿಂಗಳುಗಳಲ್ಲಿ ಇನ್ನೊಂದು ಎಚ್ಚರ ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಮಲೆನಾಡಿನಲ್ಲಿ ಮರುಕಳಿಸುತ್ತಾ ಇರುತ್ತದೆ. ಉಣ್ಣಿ ಕಚ್ಚಿ ಬರುವ ಜ್ವರ ಅದು. ಮೈತುಂಬ ಬಟ್ಟೆ ಹಾಕಿ, ತರಗೆಲೆಯ ಮೇಲೆ ಹಾಗೇ ಮಲಗಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸಿ. ಮನೆಗೆ ಬಂದವರು ಮೊದಲು ಬಿಸಿನೀರಿನಲ್ಲಿ ಸ್ನಾನ ಮಾಡಿ, ಆಮೇಲೆ ಫೋಟೋ ನೋಡಿ.

ಫೋಟೋ ಎಂದ ಕೂಡಲೇ ನೆನಪಾಯಿತು. ನಿಮ್ಮ ಕೈಯಲ್ಲಿರುವ ಕ್ಯಾಮೆರಾಗಳು ಈಗ ತುಂಬ ಒಳ್ಳೆಯವು, ನಿಮಗೆ ಹಕ್ಕಿಗಳ ಹೆಸರೂ ನಮಗಿಂತ ಹೆಚ್ಚು ಗೊತ್ತು. ಸಂತೋಷ. ಆದರೆ ದೊಡ್ಡ ಮಂಗಟ್ಟೆ ಹಕ್ಕಿ ಗೂಡು ಮಾಡುವ ಕ್ರಮ ಒಮ್ಮೆ ಯೋಚಿಸಿ. ಹೆಣ್ಣು ಮುದಿಮರದ ಪೊಟರೆಯೊಳಗೆ ಹೊಕ್ಕು, ಬಾಯಿಯನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ಹೊರಗೆ ಚಾಚುವಷ್ಟು ಸಂದು ಮಾತ್ರ ಬಿಡುತ್ತದೆ. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಆ ಸಂದಿನಲ್ಲಿ ಕೊಡಬೇಕು. ಗೂಡಿನ ಮರದ ಬುಡದಲ್ಲಿ ಹತ್ತು ಜನ ಕೂತರೆ ಗಂಡು ಹತ್ತಿರ ಬರಲು ಹೆದರುತ್ತದೆ. ಒಳಗಿನ ತಾಯಿ ಮರಿ ಎರಡೂ ಹಸಿದಿರುತ್ತವೆ. ಕಾಳಿಂಗ ಸರ್ಪವೂ ಹಾಗೆಯೇ. ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಪ್ರಪಂಚದಲ್ಲಿ ಅದೊಂದೇ, ತಾಯಿ ಮೊಟ್ಟೆಗಳನ್ನು ಕಾಯುತ್ತಾ ಅಲ್ಲೇ ಇರುತ್ತದೆ. ಉರಗತಜ್ಞ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ ಮೇಲೆ ಆ ಹಾವಿನ ಬದುಕಿನ ಬಗ್ಗೆ ಎಷ್ಟೋ ವಿಷಯ ನಮಗೆ ತಿಳಿಯಿತು. ತಿಳಿದದ್ದು ದೂರ ನಿಂತು ನೋಡಿದವರಿಂದ. ಬಾಲ ಹಿಡಿದು ರೀಲ್ಸ್ ಮಾಡಿದವರಿಂದ ಏನೂ ತಿಳಿಯಲಿಲ್ಲ.

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಬೇರೊಂದು ಗಂಡು ಬಂತೆಂದು ಅದು ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ, ನಿಮಗೆ ಚಿತ್ರ ಸಿಗುತ್ತದೆ, ಅದಕ್ಕೆ ಸಿಗುವುದು ಬರೀ ದಣಿವು. ಗೂಡಿನ ಜಾಗ, ಹೆಸರಿಲ್ಲದ ಸಣ್ಣ ಝರಿಯ ದಾರಿ ಇವನ್ನು ಊರಿಗೆಲ್ಲ ಹಂಚಬೇಡಿ. ಜನರ ಕಣ್ಣಿಗೆ ಬೀಳದ ಜಾಗಗಳು ಇನ್ನೂ ಕೆಲವು ಉಳಿದಿವೆ, ಅವು ಹಾಗೇ ಇರಲಿ.

ಇನ್ನು, ಕಾಡು ಎಂದರೆ ಬರೀ ಪ್ರಾಣಿ ಮರಗಳಲ್ಲ. ಮಾಳ, ಈದು, ನೂರಾಳ್‌ಬೆಟ್ಟು, ಕಬ್ಬಿನಾಲೆ ಕಡೆಯ ಕಾಡಂಚಿನಲ್ಲೂ ಒಳಗೂ ಮಲೆಕುಡಿಯರ ಮನೆಗಳಿವೆ. ರಾಷ್ಟ್ರೀಯ ಉದ್ಯಾನ ಆಗುವುದಕ್ಕೆ ಎಷ್ಟೋ ತಲೆಮಾರು ಮುಂಚಿನಿಂದ ಅಲ್ಲಿ ಇರುವವರು. ಉದ್ಯಾನ ಬಂದ ಮೇಲೆ ಅವರು ಪಟ್ಟ ಆತಂಕ, ಒಕ್ಕಲೆಬ್ಬಿಸುತ್ತಾರೆಂಬ ಭಯ, ರಸ್ತೆಗೆ ಕರೆಂಟಿಗೆ ವರ್ಷಗಟ್ಟಲೆ ಕಾದದ್ದು ಇವನ್ನೆಲ್ಲ ತಿಳಿಯದೆ, ಎಷ್ಟು ಚೆಂದದ ಜಾಗದಲ್ಲಿದ್ದೀರಿ ಎಂದು ಅವರಿಗೆ ಹೇಳಿದರೆ ಅದು ನೋವಿನ ಮಾತಾಗುತ್ತದೆ. ಅವರ ಅಂಗಳದಲ್ಲಿ ಗಾಡಿ ನಿಲ್ಲಿಸುವ ಮುಂಚೆ ಕೇಳಿ. ತೋಟದ ಬೇಲಿ ದಾಟಬೇಡಿ. ಹೆಣ್ಣುಮಕ್ಕಳ, ಮುದುಕರ ಫೋಟೋ ಕೇಳದೆ ತೆಗೆಯಬೇಡಿ. ದಾರಿ ತೋರಿಸಿದವರಿಗೆ ಕೂಲಿ ಕೊಡಿ, ಅವರು ಮಾರುವ ಜೇನು ಕೊಂಡರೆ ಚೌಕಾಸಿ ಮಾಡಬೇಡಿ. ಗೇಟಿನಲ್ಲಿ ನಿಂತ ವಾಚರರ ಜೊತೆಗೂ ಅಷ್ಟೇ. ನಿಮ್ಮ ಚೀಲ ನೋಡಬೇಕು ಎಂದರೆ ನಾನು ಯಾರು ಗೊತ್ತಾ ಎನ್ನುವ ಮಾತು ಬಾಯಿಗೆ ಬರಬಾರದು. ಮಳೆಗೆ ನೆನೆದು, ಇಂಬಳಕ್ಕೆ ರಕ್ತ ಕೊಟ್ಟು ಕಾಡು ಕಾಯುವ ಕೆಲಸ ಅವರದು. ನಮಸ್ಕಾರ ಅಣ್ಣಾ ಎಂದು ಮಾತು ಶುರು ಮಾಡಿ. ಆನೆ ಎಲ್ಲಿದೆ, ಯಾವ ಸೇತುವೆ ಮುರಿದಿದೆ, ಯಾವ ಹೊತ್ತಿಗೆ ಮಂಜು ಕವಿಯುತ್ತದೆ ಎಂದು ಅವರೇ ಹೇಳುತ್ತಾರೆ. ಆ ಮಾಹಿತಿ ನಿಮ್ಮ ಯಾವ ಆಪಿನಲ್ಲೂ ಸಿಗುವುದಿಲ್ಲ.

ಈ ಕಾಡು ಸುಮ್ಮನೆ ಉಳಿದದ್ದಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪೆನಿ ಶುರುವಾಯಿತು. ಗುಡ್ಡದ ತಲೆ ಕಡಿದು, ಪುಡಿ ಮಾಡಿ, ನೀರಿನಲ್ಲಿ ಕಲಸಿ 67 ಕಿಲೋಮೀಟರಿನ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಭದ್ರಾ ನದಿ ಮಳೆಗಾಲದಲ್ಲಿ ಹೂಳು ಹೊತ್ತು ಹರಿಯುತ್ತಿತ್ತು. ಸಾವಿರಾರು ಸಂಸಾರಗಳಿಗೆ ಆ ಕಂಪೆನಿ ಅನ್ನ ಕೊಟ್ಟದ್ದನ್ನೂ ಮರೆಯುವ ಹಾಗಿಲ್ಲ, ನಮ್ಮ ಕಾರ್ಕಳದ ಎಷ್ಟೋ ಮನೆಗಳವರು ಅಲ್ಲಿ ದುಡಿದವರು. ಆದರೂ ಕಾಡಿನ ಪರವಾಗಿ ನಿಂತವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಒಂದು ಊರು ತನ್ನ ಕೆಲಸ ಕಳೆದುಕೊಂಡು ಉಳಿಸಿಕೊಟ್ಟ ಕಾಡು ಇದು. ಯಂತ್ರಗಳು ಹೋದ ಜಾಗದಲ್ಲಿ ಈಗ ಶನಿವಾರ ಆದಿತ್ಯವಾರದ ಜನಜಂಗುಳಿ ಬಂದು ಕೂತರೆ ಆ ತ್ಯಾಗಕ್ಕೆ ಅರ್ಥ ಉಳಿಯುವುದಿಲ್ಲ.

ಕೊನೆಗೆ ನನ್ನ ಮನಸ್ಸಿನ ಒಂದು ಆಸೆ. ಹತ್ತು ಜಾಗಕ್ಕೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಜಾಗಕ್ಕೆ ಹತ್ತು ಸಲ ಹೋಗಿ. ಮೊದಲು ಮನೆಯ ಹತ್ತಿರದಿಂದ ಶುರು ಮಾಡಿ. ಆಟಿ, ಸೋಣ ತಿಂಗಳಿನಲ್ಲಿ ನಮ್ಮ ಸುತ್ತಲಿನ ಮುರಕಲ್ಲಿನ ಪದವುಗಳ ಮೇಲೆ ಬಗ್ಗಿ ನೋಡಿದ್ದೀರಾ? ಅರ್ಧ ಇಂಚು ಮಣ್ಣಿಲ್ಲದ ಕಲ್ಲಿನ ಕುಳಿಗಳಲ್ಲಿ ನೀಲಿ ಹೂವಿನ ಗಿಡಗಳು ಹಾಸಿರುತ್ತವೆ, ಅವು ನೀರಿನಲ್ಲಿರುವ ಸೂಕ್ಷ್ಮ ಹುಳಗಳನ್ನು ಬೇರಿನಂಥ ಎಳೆಗಳ ಮೇಲಿನ ಚೀಲಗಳಲ್ಲಿ ಹಿಡಿದು ತಿನ್ನುತ್ತವೆ. ಪಕ್ಕದಲ್ಲೇ ಎಲೆಯ ಕೂದಲಿನಲ್ಲಿ ಅಂಟು ಹನಿ ಹೊತ್ತು ನೊಣ ಹಿಡಿಯುವ ಕೆಂಪು ಗಿಡ. ಬಡ ಕಲ್ಲಿನಲ್ಲಿ ಸತ್ವ ಸಿಗದ ಕಾರಣ ಅವು ಕಂಡುಕೊಂಡ ದಾರಿ ಅದು. ಮಳೆ ನಿಂತ ಕೆಲವು ವಾರಗಳಲ್ಲಿ ಒಣಗಿ ಬೀಜವಾಗಿ ಮಾಯ. ಇಂಥ ಪದವಿನ ಮೇಲೆ ಜೀಪು ಓಡಿಸುವವರೂ, ರಾತ್ರಿ ಬಾಟಲಿ ಒಡೆಯುವವರೂ ಇದ್ದಾರೆ. ಅದು ಖಾಲಿ ಜಾಗ ಎಂದು ಅವರ ಲೆಕ್ಕ. ಅಲ್ಲಿಂದ ಆನೆಕೆರೆಗೆ, ರಾಮಸಮುದ್ರಕ್ಕೆ ಹೋಗಿ, ದಡದಲ್ಲಿ ಒಂದು ಗಂಟೆ ಸುಮ್ಮನೆ ಕೂತು ಮಿಂಚುಳ್ಳಿ ಮೀನು ಹಿಡಿಯುವುದನ್ನು ನೋಡಿ. ಅಷ್ಟು ಹೊತ್ತು ಕೂರಲು ಕಲಿತವರಿಗೆ ಕುದುರೆಮುಖದ ಕಾಡು ತಾನಾಗಿ ಕಾಣಿಸಿಕೊಳ್ಳುತ್ತದೆ, ಕಲಿಯದವರಿಗೆ ಅಲ್ಲಿ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೊರಡುವ ಮುಂಚೆ ಮನೆಯಲ್ಲಿ ಯಾವ ದಾರಿ, ಯಾವ ಹೊತ್ತಿಗೆ ವಾಪಸು ಎಂದು ಹೇಳಿ ಹೋಗಿ. ಬುತ್ತಿಯನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಳ್ಳಿ, ನೀರು ಸ್ಟೀಲಿನ ಬಾಟಲಿಯಲ್ಲಿ ಇರಲಿ, ತಂದ ಕಸದ ಜೊತೆಗೆ ದಾರಿಯಲ್ಲಿ ಸಿಕ್ಕಿದ ಎರಡು ತುಂಡು ಪ್ಲಾಸ್ಟಿಕ್ಕನ್ನೂ ಹೆಕ್ಕಿ ತನ್ನಿ. ಕಾಡಿಗೆ ಬೆಂಕಿ ಬಿದ್ದದ್ದು ಕಂಡರೆ, ಗಾಯಗೊಂಡ ಪ್ರಾಣಿ ಕಂಡರೆ, ಯಾರಾದರೂ ಬೇಟೆಗೆ ಹೊರಟದ್ದು ಕಂಡರೆ ನೀವೇ ಮುನ್ನುಗ್ಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಘಟ್ಟದೊಳಗೆ ಫೋನಿಗೆ ಸಿಗ್ನಲ್ ಸಿಗದ ಜಾಗಗಳೇ ಹೆಚ್ಚು, ಆದ್ದರಿಂದ ಗೇಟಿಗೆ ಬಂದ ಕೂಡಲೇ ತಿಳಿಸಿ.